ಬಿಚ್ಚಲು ಬಾರದ ಫೋನು

ಅವನ ಬಲಗೈ ಹೆಬ್ಬೆರಳಿನ ಉಗುರು ಕೋಣದ ಕೊಂಬಿನಂತೆ ದಪ್ಪಗಿತ್ತು. ನಡುವೆ ಒಂದು ಸೀಳು. ಸೀಳಿನ ತುಂಬ ಮಗ್ಗದ ಎಣ್ಣೆಯ ಕಪ್ಪು. ಉಳಿದ ಉಗುರುಗಳನ್ನೆಲ್ಲ ಕತ್ತರಿಸಿಕೊಳ್ಳುತ್ತಿದ್ದವನು ಅದೊಂದನ್ನು ಮಾತ್ರ ಬೇಕೆಂದೇ ಬೆಳೆಸಿದ್ದ. ಮನೆಗೆ ಯಾರೇ ಬರಲಿ, ಅವರು ನೀರು ಕುಡಿಯುವ ಮೊದಲೇ ಫೋನು ಇಸಿದುಕೊಂಡು, ಅದನ್ನು ಬೋರಲು ಹಾಕಿ, ಅಂಚಿನುದ್ದಕ್ಕೂ ಆ ಉಗುರು ಆಡಿಸುತ್ತಿದ್ದ. ಟಕ್ಕೆಂದು ಮುಚ್ಚಳ ಬಿಚ್ಚಿಕೊಂಡರೆ ಬಂದವನು ಒಳ್ಳೆಯ ಮನುಷ್ಯ. ಬಿಚ್ಚದಿದ್ದರೆ ಅವನ ಬುದ್ಧಿಯ ಬಗ್ಗೆ ಅನುಮಾನ. ಆ ಉಗುರು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನು ನನ್ನ ಸೋದರಮಾವ, ಅವ್ವನ ಅಣ್ಣ. ಗುಳೇದಗುಡ್ಡದ ಜನವೆಲ್ಲ ಅವನನ್ನು ‘ರೀ’ ಹಚ್ಚಿ ಮಾತಾಡಿಸುತ್ತಿದ್ದರು. ಎದುರಿಗೆ ನಾನೂ ಹಚ್ಚುತ್ತಿದ್ದೆ, ಇಲ್ಲಿ ಬರೆಯುವಾಗ ಹಚ್ಚುವುದಿಲ್ಲ. ಅಪ್ಪ ತೀರಿಕೊಂಡಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಮಾಮಾ ತನ್ನ ಮಗ್ಗದ ಶೆಡ್ಡಿಗೆ ಹತ್ತಿದ ಎರಡು ಖೋಲಿ ನಮಗೆ ಬಿಟ್ಟುಕೊಟ್ಟ. ಹೆಂಡತಿ ಸತ್ತು, ಮಕ್ಕಳಿಲ್ಲದೆ, ಕುಪ್ಪಸದ ಖಣ ನೇಯುವ ಪಾವರ್‌ಲೂಮುಗಳ ಖಟಖಟದಲ್ಲಿ ಒಬ್ಬನೇ ಇದ್ದವನಿಗೆ ನಾವು ಸಿಕ್ಕೆವು, ಬೈಯುವುದಕ್ಕೆ. ಉಪಕಾರ ಮಾಡಿದವನನ್ನು ಬೈಯಬಾರದು ಎನ್ನುತ್ತಾರೆ. ಉಪಕಾರ ಮಾಡಿದವನು ದಿನಕ್ಕೊಮ್ಮೆ ಅದನ್ನು ನೆನಪಿಸುತ್ತಿದ್ದರೆ ಬೈಯಬಹುದು ಎಂದು ನನ್ನ ಮತ.

ನಮ್ಮೂರಿನಲ್ಲಿ ಖಣ ಕೊಳ್ಳಲು ಬಂದ ಗಿರಾಕಿ ಮೊದಲು ಬಟ್ಟೆಯನ್ನು ಮಗುಚಿ ಬೆನ್ನು ನೋಡುತ್ತಾನೆ. ಮುಂದಿನ ಚಂದ ಯಾರಾದರೂ ತೋರಿಸುತ್ತಾರೆ. ಎಳೆ ಎಲ್ಲಿ ಕೂತಿದೆ, ಎಲ್ಲಿ ತಪ್ಪಿದೆ ಎನ್ನುವುದು ಬೆನ್ನಲ್ಲಿ ತಿಳಿಯುತ್ತದೆ. ಬಟ್ಟೆಗೆ ಇದು ಒಳ್ಳೆಯ ರೂಢಿ. ಮಾಮಾ ಇದನ್ನು ಲೋಕದ ಎಲ್ಲ ವಸ್ತುಗಳಿಗೂ, ಬಹುಪಾಲು ಮನುಷ್ಯರಿಗೂ ಹಚ್ಚಿಬಿಟ್ಟಿದ್ದ. ಮನೆಗೆ ಬಂದ ಮಿಕ್ಸರು, ಫ್ಯಾನು, ಅವ್ವನ ರೇಡಿಯೋ, ಕೊನೆಗೆ ಗೋಡೆ ಗಡಿಯಾರ, ಯಾವುದೂ ಅವನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಬಿಚ್ಚುವುದನ್ನು ಪೂರಾ ಬಲ್ಲ, ಕೂಡಿಸುವುದನ್ನು ಅರ್ಧ ಬಲ್ಲ. ಪ್ರತಿ ಸಲವೂ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. ಅವ್ವ ಕೇಳಿದರೆ, “ಅವನ್ನ ಕಂಪನಿಯವ್ರು ತೂಕಕ್ಕಂತ ಹಾಕಿರ್ತಾರ,” ಎನ್ನುತ್ತಿದ್ದ. ನಮ್ಮ ಮಿಕ್ಸರು ಅಂದಿನಿಂದ ಶೇಂಗಾ ಚಟ್ನಿ ರುಬ್ಬುವಾಗ ತಾನೇ ಅಡುಗೆಮನೆ ತುಂಬ ಓಡಾಡುತ್ತಿತ್ತು.

ಅವನ ಫೋನಿನ ಕಥೆಯನ್ನು ಹೇಳಲೇಬೇಕು. ಹಿಂಬದಿ ಬಿಚ್ಚುವಂಥ, ಬ್ಯಾಟರಿ ಕಳಚಿ ಹಾಕುವಂಥ ಹಳೆಯ ಮಾದರಿ. ಈಗ ಅಂಥವು ಸಿಗುವುದೇ ಕಷ್ಟ. ಮೂಲೆ ಒಡೆದದ್ದಕ್ಕೆ ರಬ್ಬರ್ ಬ್ಯಾಂಡು ಸುತ್ತಿದ್ದ. ಅಂಗಿಯ ಜೇಬಿನಲ್ಲಿ ಹೆಚ್ಚಿನ ಬ್ಯಾಟರಿ, ಪಾಕೀಟಿನಲ್ಲಿ ಎಲೆಅಡಿಕೆಯ ಜೊತೆ ಮೆಮೊರಿ ಕಾರ್ಡುಗಳು. ಕಂಪನಿ ಕೊಟ್ಟ ಸಾಫ್ಟ್‌ವೇರ್ ತನಗೆ ಸೇರುವುದಿಲ್ಲ ಎಂದು, ಯಾವನೋ ಹೇಳಿದ ಬೇರೆಯೊಂದನ್ನು ಇಳಿಸಿಕೊಂಡು ಹಾಕಿದ್ದ. ಅಂದಿನಿಂದ ಆ ಫೋನಿನ ಕಿವಿ ಹೋಯಿತು. ಯಾರು ಮಾತಾಡಿದರೂ ಸ್ಪೀಕರಿನಲ್ಲೇ ಬರುತ್ತಿತ್ತು. ನೂಲಿನ ವ್ಯಾಪಾರಿ ಬೈದದ್ದು, ಬಾಗಲಕೋಟೆಯ ಡಾಕ್ಟರು ಅವನ ಮೂಲವ್ಯಾಧಿಯ ಬಗ್ಗೆ ಹೇಳಿದ್ದು, ಎಲ್ಲವನ್ನೂ ಓಣಿ ಕೇಳಿಸಿಕೊಂಡಿತು. ಅವನಿಗೆ ನಾಚಿಕೆ ಆಗಲಿಲ್ಲ. “ನಂದು ಎಲ್ಲಾ ಬಯಲ. ಮುಚ್ಚಿಡಾಕ ಏನೈತಿ?” ಎಂದ.

ಮುಚ್ಚಿಡಲು ಏನೂ ಇಲ್ಲದವರು ಮುಚ್ಚಿಡಬೇಕಾದವರನ್ನು ಅರ್ಥ ಮಾಡಿಕೊಳ್ಳುವುದಿಲ್ಲ. ಆ ಎರಡು ಖೋಲಿಯಲ್ಲಿ ನನ್ನದು ಎನ್ನುವ ಮೂಲೆ ಇರಲಿಲ್ಲ. ನನ್ನ ಟ್ರಂಕಿನ ಚಿಲಕವನ್ನು ಮಾಮಾ ಎಣ್ಣೆ ಬಿಡುವ ನೆಪದಲ್ಲಿ ಕಿತ್ತಿದ್ದ. ಬದಾಮಿಯ ಒಂದು ಶಾಲೆಯಲ್ಲಿ ನೌಕರಿ ಸಿಕ್ಕಮೇಲೆ ನಾನು ಕೂಡಿಟ್ಟು ಒಂದು ಫೋನು ಕೊಂಡೆ. ಕಂಪನಿಗಳ ಹೆಸರು ಬೇಡ, ಅವುಗಳಿಗೂ ನನ್ನ ಜಗಳಕ್ಕೂ ಸಂಬಂಧವಿಲ್ಲ. ನನ್ನದು ಹಿಂದೆ ಮುಂದೆ ಗಾಜು, ಎಲ್ಲೂ ಸಂದಿಲ್ಲ. ಬ್ಯಾಟರಿ ಒಳಗೆ, ನೆನಪೂ ಒಳಗೆ. ಕಂಪನಿ ಒಪ್ಪಿದ ಆ್ಯಪ್ ಮಾತ್ರ ಇಳಿಯುತ್ತಿತ್ತು. ನನ್ನ ಮುಖ ಕಂಡರಷ್ಟೇ ತೆರೆಯುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದಾಗ, ಒಂದು ಖೋಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡಷ್ಟು ಸಮಾಧಾನವಾಗುತ್ತಿತ್ತು.

ಮಾಮಾ ಅದರ ಅಂಚಿಗೆ ಉಗುರು ಹಚ್ಚಿದ. ಒಂದು ಸುತ್ತು ತಿರುವಿದ, ಮತ್ತೊಂದು ಸುತ್ತು ತಿರುವಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ಇದನ್ನ ಬಿಚ್ಚಾಕ ಬರಂಗಿಲ್ಲೇನ?”

“ಇಲ್ಲ.”

“ಹಂಗಾರ ಇದು ನಿಂದಲ್ಲ. ಕಂಪನಿಯವರ ಮಾಲು. ನೀ ಬರೇ ಕಾವಲಗಾರ್ತಿ.”

“ನಿಮ್ಮ ಕೈಯಾಗ ಬಿಚ್ಚಾಕ ಬರಂಗಿಲ್ಲಲ್ಲ, ಅಷ್ಟ ಸಾಕು ನನಗ,” ಎಂದೆ. ಅವತ್ತು ಅವನು ಊಟ ಬಿಟ್ಟು ಎದ್ದ. ಅವ್ವ ನನ್ನ ಮೇಲೆ ರೇಗಿದಳು. ನನಗೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿದಂತಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಇಳಕಲ್ಲಿನಿಂದ ಸಂಬಂಧ ಬಂತು. ಸೀರೆ ವ್ಯಾಪಾರದ ಮನೆತನ. ಹುಡುಗ ಬಾಗಲಕೋಟೆಯ ನವನಗರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದ. ಕನ್ಯೆ ನೋಡುವ ಶಾಸ್ತ್ರ ಸುಸೂತ್ರವಾಗಿ ಮುಗಿಯಿತು. ಹುಡುಗ ಮೆತ್ತಗೆ ಮಾತಾಡುತ್ತಿದ್ದ, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನನಗೆ ಹಿಡಿಸಿದ. ಹೇಳಿಬಿಡುತ್ತೇನೆ, ಚೆನ್ನಾಗಿಯೇ ಹಿಡಿಸಿದ. ಫೋನಿನಲ್ಲಿ ಇಬ್ಬರೂ ಬರೆದುಕೊಳ್ಳಲು ಶುರುಮಾಡಿದೆವು. ಅವ್ವನಿಗೂ ಹೇಳದ ಮಾತುಗಳನ್ನು ನಾನು ಅವನಿಗೆ ಬರೆದೆ. ಅಪ್ಪ ಹೋದ ವರ್ಷ ನಾನು ಶಾಲೆಯ ಬಾವಿಯ ಕಟ್ಟೆಗೆ ಹೋಗಿ, ಕೆಳಗಿನ ನೀರನ್ನೇ ನೋಡುತ್ತ ಕೂತದ್ದನ್ನೂ ಬರೆದೆ.

ನಿಶ್ಚಯದ ಸಕ್ಕರೆ ಪುಡೆಗೆ ದಿನ ಗೊತ್ತುಮಾಡಲು ಹುಡುಗನ ತಂದೆ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಬಿಳಿ ಅಂಗಿ, ಇಸ್ತ್ರಿಯ ಗೆರೆ, ತಗ್ಗಿಸಿದ ದನಿ. ಅವ್ವ ಶಿರಾ, ಉಪ್ಪಿಟ್ಟು ಮಾಡಿದ್ದಳು. ಹುಡುಗನ ತಂದೆ, ಆ ಹಿರಿಯರು, ತಮ್ಮ ಫೋನನ್ನು ಚಹಾದ ಕಪ್ಪಿನ ಪಕ್ಕ ಇಟ್ಟರು. ನನ್ನದೇ ಜಾತಿಯದು, ಇನ್ನೂ ದೊಡ್ಡದು. ಒಳಬಾಗಿಲಲ್ಲಿ ನಿಂತ ನನಗೆ ಮಾಮಾನ ಹೆಬ್ಬೆರಳು ಅಲುಗಿದ್ದು ಕಂಡಿತು. ದೇವರೇ, ಇವತ್ತೊಂದು ದಿನ ಸುಮ್ಮನಿರಲಿ ಎಂದುಕೊಂಡೆ. ದೇವರಿಗೂ ಅವನ ಎದುರು ನಡೆಯುತ್ತಿರಲಿಲ್ಲ.

“ಇದನ್ನ ಹ್ಯಾಂಗ ತಗಿತಾರ್ರಿ?”

“ತಗಿಯಾಕ ಬರಂಗಿಲ್ರಿ. ತಗಿಯೂ ಜರೂರತ್ತರ ಏನೈತಿ?”

“ಬ್ಯಾಟರಿ ಸತ್ರ?”

“ಕಂಪನಿಯವ್ರಿಗೆ ಕೊಟ್ರ ಹೊಸಾದು ಹಾಕಿ ಕೊಡ್ತಾರ.”

“ಅಂದ್ರ ನಿಮ್ಮ ಫೋನಿನ ಜೀವಾ ಮಂದಿ ಕೈಯಾಗ ಐತಿ ಅಂದಂಗಾತು,” ಎಂದು ಮಾಮಾ ತನ್ನ ಫೋನು ತೆಗೆದು ಅದರ ಪಕ್ಕ ಇಟ್ಟ. ರಬ್ಬರ್ ಬ್ಯಾಂಡು ಬಿಚ್ಚಿದ, ಮುಚ್ಚಳ ತೆಗೆದ, ಬ್ಯಾಟರಿ ಕಳಚಿದ, ಕಾರ್ಡು ಎಳೆದ. ಉಪ್ಪಿಟ್ಟಿನ ತಟ್ಟೆಗಳ ನಡುವೆ ಅದರ ಕರುಳನ್ನೆಲ್ಲ ಹರವಿಟ್ಟು, “ನೋಡ್ರಿ, ಹಿಂಗಿರಬೇಕು. ಜಾಗ ಸಾಲದಿದ್ರ ಬ್ಯಾರೆ ಕಾರ್ಡು. ಚಾರ್ಜು ಸಾಲದಿದ್ರ ಬ್ಯಾರೆ ಬ್ಯಾಟರಿ. ಸಾಫ್ಟವೇರ್ ಸೇರಲಿಲ್ಲ, ತಗದ ಒಗದೇನಿ. ಯಾವನ ಪರವಾನಗಿ ಬೇಕಾಗಿಲ್ಲ,” ಎಂದ.

ಹಿರಿಯರು ಸೋಲುವವರಲ್ಲ. ಮಾಮಾ ಮತ್ತೆ ಕೂಡಿಸುವ ತನಕ ತಾಳ್ಮೆಯಿಂದ ಕಾದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ಒಂದು ಖಣ ತರಿಸಿ, ಇಬ್ಬರೂ ಫೋಟೋ ತೆಗೆಯೋಣ ಎಂದರು. ಅವರ ಫೋನಿನಲ್ಲಿ ಒಂದೊಂದು ಎಳೆಯೂ ಎಣಿಸುವಂತೆ ಬಂತು. ಮಾಮಾನದರಲ್ಲಿ ಕುಂಕುಮದ ಬಣ್ಣದ ಖಣ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅದೂ ತಲೆಕೆಳಗಾಗಿ. ಅಷ್ಟು ಸಾಲದೆಂಬಂತೆ ಎಲ್ಲಿಂದಲೋ ಇಳಿಸಿಕೊಂಡಿದ್ದ ಯಾವುದೋ ಆ್ಯಪು ಎದ್ದು, ಬೊಕ್ಕತಲೆಗೆ ಹಚ್ಚುವ ಎಣ್ಣೆಯ ಜಾಹೀರಾತನ್ನು ದೊಡ್ಡ ದನಿಯಲ್ಲಿ ಒದರತೊಡಗಿತು. ಬಂದವರೆಲ್ಲ ನಕ್ಕರು. ನಾನೂ ನಕ್ಕೆ.

“ಬಾಗಲಾ ತಗದಿಟ್ರ ಬೀಗರೂ ಬರ್ತಾರ, ನಾಯೀನೂ ಬರ್ತಾವ,” ಎಂದರು ಹಿರಿಯರು. “ನಮ್ಮ ಫೋನಿನ್ಯಾಗ ಹೊರಗಿಂದ ಏನೂ ಒಳಗ ಬರಂಗಿಲ್ಲ. ಕಂಪನಿಯವ್ರು ಸೋಸಿ ಬಿಡ್ತಾರ. ಹಳೇದಾದ್ರೂ ಸಾಫ್ಟವೇರ್ ಕಳಸ್ತಾರ. ನೀರಾಗ ಬಿದ್ರೂ ಕೆಡಂಗಿಲ್ಲ. ನಿಮ್ಮದಕ್ಕ ಮಳಿಗಾಲದಾಗ ಛತ್ರಿ ಹಿಡೀಬೇಕು.”

ಮಾತಿನಲ್ಲಿ ಮಾಮಾ ಸೋತ. ಅವನ ಕಿವಿ ಕೆಂಪಾದವು. ಜಾಹೀರಾತು ನಿಲ್ಲಿಸಲು ಆಗದೆ, ಗೋಡೆಯ ಕಡೆ ತಿರುಗಿ ಕೂತು ಬ್ಯಾಟರಿ ಕೀಳತೊಡಗಿದ. ಆಗಲೇ ಹಿರಿಯರು ಅವ್ವನಿಗೆ ಆ ಮಾತು ಹೇಳಿದ್ದು.

“ನಮ್ಮ ಮನ್ಯಾಗ ಎಲ್ಲಾರದೂ ಇದ ಫೋನ್ರಿ, ಯವ್ವಾ. ಎಲ್ಲಾ ಖಾತೆ ನಾನ ತಗದೇನಿ, ಪಾಸ್‌ವರ್ಡ್ ನನ್ನ ಹಂತ್ಯಾಕ ಇರ್ತಾವ. ಯಾರ ಎಲ್ಲಿ ಅದಾರ, ಯಾರ ಜೋಡಿ ಮಾತಾಡ್ಯಾರ, ಕುಂತಲ್ಲೇ ಕಾಣಸತೈತಿ. ಹೆಣಮಕ್ಕಳದಂತೂ ಚಿಂತಿನ ಇಲ್ಲ. ಸಕ್ರಿ ಪುಡೆ ದಿನಾನ ನಿಮ್ಮ ಹುಡುಗಿ ಫೋನೂ ನಮ್ಮದರಾಗ ಸೇರಸಿಬಿಡೂಣು.”

ಎಲ್ಲರೂ ತಲೆಯಾಡಿಸಿದರು. ಅವ್ವ, “ನಿಮ್ಮ ಸೊಸಿರಿ, ಹ್ಯಾಂಗ ಬೇಕೋ ಹಂಗ,” ಎಂದಳು. ಯಾರಿಗೂ ಏನೂ ಆಗಿರಲಿಲ್ಲ. ನನಗೆ ಮಾತ್ರ ಕಾಲ ಕೆಳಗಿನ ಫರ್ಸಿಗಲ್ಲು ಜರುಗಿದಂತಾಯಿತು. ಜೀವಮಾನವಿಡೀ ಬಿಚ್ಚಬೇಕು, ತೆರೆಯಬೇಕು, ಕೀಲಿ ಯಾರ ಕೈಯಲ್ಲಿದೆ ನೋಡಬೇಕು ಎಂದು ನಮ್ಮ ತಲೆ ತಿಂದ ಮಹಾನುಭಾವ, ಆ ಮಾತು ಬೇಕಾಗಿದ್ದ ಒಂದೇ ಒಂದು ಗಳಿಗೆಯಲ್ಲಿ ಗೋಡೆಗೆ ಮುಖ ಮಾಡಿ ಬೊಕ್ಕತಲೆಯ ಎಣ್ಣೆಯ ಜೊತೆ ಗುದ್ದಾಡುತ್ತಿದ್ದ.

ಮರುದಿನ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಹುಡುಗನಿಗೆ ಫೋನು ಮಾಡಿದೆ. ನನ್ನ ಫೋನು ನನ್ನ ಹತ್ತಿರವೇ ಇರಲಿ, ಸೇರಿಸುವುದು ಬೇಡ ಎಂದೆ.

“ಅದೇನ ದೊಡ್ಡದಲ್ರಿ,” ಎಂದ. “ನನ್ನ ತಂಗಿನೂ ಮೊದಲ ಅಳ್ತಿದ್ಲು. ಈಗ ರೂಢಿ ಆಗೈತಿ.”

“ನಿಮ್ಮ ಫೋನು?”

“ನಂದರ ಪಾಸ್‌ವರ್ಡೂ ಅಪ್ಪಾಜಿ ಹಂತ್ಯಾಕ ಐತಿ.”

“ಅಂದ್ರ ನಾ ಬರದದ್ದು?”

ಅವನು ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, “ಅಪ್ಪಾಜಿ ಓದ್ಯಾರ್ರಿ. ಆದ್ರ ಏನೂ ಅಂದಿಲ್ಲ. ನಿಮ್ಮ ಬಗ್ಗೆ ಅವರಿಗೆ ಭಾಳ ಚೊಲೋ ಅಭಿಪ್ರಾಯ ಐತಿ,” ಎಂದ.

ಮಧ್ಯಾಹ್ನದ ತರಗತಿಯಲ್ಲಿ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು, ಇಸ್ತ್ರಿ ಅಂಗಿಯ ಆ ಮನುಷ್ಯ ಚಹಾ ಕುಡಿಯುತ್ತ ಓದಿದ್ದ. ಫೋನಿನದೇನೂ ತಪ್ಪಿರಲಿಲ್ಲ. ನನ್ನ ಅಗಳಿ ಗಟ್ಟಿಯಾಗಿಯೇ ಇತ್ತು. ನಾನು ಬರೆದದ್ದು ಹೋಗಿ ಬಿದ್ದ ಮನೆಯ ಬಾಗಿಲಿನ ಕೀಲಿ ಆ ಹುಡುಗನ ಕೈಯಲ್ಲಿರಲಿಲ್ಲ.

ಸಂಜೆ ಬಸ್ಸಿಳಿದು ನೇರ ಶೆಡ್ಡಿಗೆ ಹೋದೆ. ಅವ್ವನಿಗೆ ಹೇಳುವ ಧೈರ್ಯ ಇರಲಿಲ್ಲ. ನಮ್ಮಲ್ಲಿ ಅಕ್ಷತೆ ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಅವನು ನಿಲ್ಲದಿದ್ದರೆ ಮದುವೆ ಇಲ್ಲ. ಅದಕ್ಕೇ ಅವನ ಹತ್ತಿರ ಹೋದದ್ದು, ಪ್ರೀತಿಯಿಂದಲ್ಲ. ಮಗ್ಗದ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು.

“ಮಾಮಾ, ನಾ ಈ ಮದುವಿ ಒಲ್ಲೆ.”

ಅವನು ಒಂದೊಂದೇ ಮಗ್ಗ ಬಂದ್ ಮಾಡಿದ. ನಾನು ಎಲ್ಲ ಹೇಳಿದೆ. ಬಾವಿಯ ಮಾತೊಂದು ಬಿಟ್ಟು. ಕೇಳಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಗೆದ್ದವನಂತೆ ನಕ್ಕದ್ದು.

“ನಾ ಹೇಳಿದ್ದಿಲ್ಲ? ಅಂಥಾ ಫೋನ ತಗೋಬ್ಯಾಡ ಅಂತ ಬಡಕೊಂಡೆ. ಮುಚ್ಚಿದ ಡಬ್ಬಿ ಅದು. ಈಗರ ತಿಳೀತಾ?”

ಕೈಗೆ ಸಿಕ್ಕ ನೂಲಿನ ಕಂಡಿಕೆಯನ್ನು ಅವನ ಮೇಲೆ ಎಸೆದು ಬಂದೆ. ತಗಲಲಿಲ್ಲ. ಇವತ್ತಿಗೂ ಅದೊಂದು ಕೊರಗು.

ಮರುದಿನ ಅವನು ಯಾರಿಗೂ ಹೇಳದೆ ಇಳಕಲ್ಲಿನ ಬಸ್ಸು ಹತ್ತಿದ. ಹಿರಿಯರ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೆ, ಅವರ ಫೋನು ಎತ್ತಿ ಹಿಡಿದು ಹೇಳಿದನಂತೆ: “ಬಿಚ್ಚಾಕ ಬರಲಾರದ ಫೋನ ಇಟಗೊಂಡ ಮನಿಗೆ ನಮ್ಮ ಹುಡುಗಿನ್ನ ಕೊಡಂಗಿಲ್ಲ. ನಾ ಸ್ವಾದರಮಾವ ಅದೇನಿ, ನಾ ನಿಂದ್ರಂಗಿಲ್ಲ.” ಅಷ್ಟು ಹೇಳಿ, ಅಲ್ಲಿಯೇ ಒಂದು ಚಹಾ ಕುಡಿದು ವಾಪಸು ಬಂದ. ಸಂಜೆಯ ಹೊತ್ತಿಗೆ ಗುಳೇದಗುಡ್ಡದ ಚಹಾದಂಗಡಿಯಲ್ಲಿ ತಾನೇ ಸಾರಿದ. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಬ್ಯಾಟರಿಗಾಗಿ ಮದುವೆ ಮುರಿದ ಮಾವ ಎಂದು ಕೆರೂರಿನ ಸಂತೆಯ ತನಕ ನಗೆ ಹಬ್ಬಿತು. ದಾರಿಯಲ್ಲಿ ಕಂಡವರು ಫೋನು ಬೋರಲು ಹಾಕಿ ತೋರಿಸಿ, “ನಮ್ಮ ಹುಡುಗಗ ಹೆಣ್ಣ ಕೊಡ್ತೀರೇನ್ರಿ?” ಎಂದು ಕೇಳುತ್ತಿದ್ದರು. ಅವನು ನಿಂತು ಉಗುರು ಆಡಿಸಿ ನೋಡಿ, ಕೊಡುತ್ತೇನೆಂದೋ ಇಲ್ಲವೆಂದೋ ಗಂಭೀರವಾಗಿ ಹೇಳುತ್ತಿದ್ದ.

ಅವ್ವ ಅವನ ಜೊತೆ ಮಾತು ಬಿಟ್ಟಳು. ಬೀದಿಯವರೆಲ್ಲ ನನ್ನ ಮೇಲೆ ಕನಿಕರಪಟ್ಟರು: ಪಾಪ, ಹುಚ್ಚ ಮಾವ, ಬಂದ ಸಂಬಂಧ ಕಳೆದ. ಅಪ್ಪನಿಲ್ಲದ ಹುಡುಗಿ ಗೊತ್ತಾದ ಮದುವೆಯನ್ನು ಒಲ್ಲೆ ಎಂದಳಂತೆ ಎಂಬ ಮಾತು ಹೊರಟಿದ್ದರೆ, ಯಾಕೆ ಒಲ್ಲೆ ಎಂದಳು, ಯಾರಿದ್ದಾನೆ, ಬದಾಮಿಗೆ ದಿನಾ ಯಾಕೆ ಹೋಗುತ್ತಾಳೆ ಎಂದು ಇದೇ ಬೀದಿ ನನ್ನನ್ನು ಎಳೆ ಎಳೆಯಾಗಿ ಬಿಚ್ಚುತ್ತಿತ್ತು. ಅದು ನನಗೆ ಗೊತ್ತಿತ್ತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದೆ.

“ಒಲ್ಲೆ ಅಂದಾಕಿ ನಾ. ನೀವು ನಿಮ್ಮ ಹೆಸರ ಯಾಕ ಹೇಳಿದ್ರಿ?”

ಅವನು ತಲೆ ಎತ್ತದೆ ಹರಿದ ಎಳೆ ಹಿಡಿದು ಗಂಟು ಹಾಕುತ್ತಿದ್ದ.

“ನಂದಾದ್ರ ಮಂದಿ ನಗತಾರ. ನಿಂದಾದ್ರ ನೆನಪ ಇಟಗೋತಾರ,” ಎಂದ. ಒಂದು ಕ್ಷಣ ನಾನು ಕರಗುತ್ತಿದ್ದೆನೇನೋ. ಆದರೆ ಅವನು ಅಲ್ಲಿಗೆ ನಿಲ್ಲಿಸುವವನೇ? “ಮತ್ತ ಆ ಮುದಕಗ ಅವತ್ತ ಉತ್ತರಾ ಕೊಡೂದು ಉಳದಿತ್ತು,” ಎಂದು ಸೇರಿಸಿದ.

ನನಗಾಗಿ ಮಾಡಿದನೋ, ಸೋತ ವಾದ ಗೆಲ್ಲಲು ಮಾಡಿದನೋ, ನನಗೆ ಇವತ್ತಿಗೂ ತಿಳಿದಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ತಿಳಿದದ್ದು ಇಷ್ಟು: ನನ್ನ ಬದುಕಿನಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ‘ಒಲ್ಲೆ’. ಅದನ್ನೂ ಅವನು ನನ್ನ ಕೈಯಿಂದ ಇಸಿದುಕೊಂಡು, ತನ್ನದೆಂದು ಊರಿಗೆಲ್ಲ ತೋರಿಸಿ ಬಂದ. ಟ್ರಂಕಿನ ಚಿಲಕ ಕಿತ್ತಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ಬದಾಮಿಯಲ್ಲಿ ನನ್ನ ಮದುವೆಯಾಯಿತು. ಅಕ್ಷತೆಯ ಹೊತ್ತಿಗೆ ಮಾಮಾ ನನ್ನ ಬೆನ್ನ ಹಿಂದೆ ನಿಂತ. ಊಟದ ಹೊತ್ತಿಗೆ ಬೀಗರ ಪಂಕ್ತಿಯಲ್ಲಿ ಕೂತು ಫೋನಿನ ಕಥೆ ಹೇಳಿ ನಗಿಸುತ್ತಿದ್ದ. ಪ್ರತಿ ಸಲ ಕಥೆ ಬೆಳೆಯುತ್ತಿತ್ತು. ಆ ಸಲ ಇಳಕಲ್ಲಿನ ಹಿರಿಯರು ಅವನ ಕಾಲು ಹಿಡಿದಿದ್ದರು. ಹಬ್ಬಕ್ಕೆ ತವರಿಗೆ ಹೋದರೆ ನಾವಿಬ್ಬರೂ ಒಂದೇ ಪಡಸಾಲೆಯಲ್ಲಿ ಬೇರೆ ಬೇರೆ ಗೋಡೆಗೆ ಆತು ಕೂರುತ್ತಿದ್ದೆವು. ಅವನು ನನ್ನ ಹೊಸ ಫೋನಿನ ಕಡೆ ನೋಡುತ್ತಿದ್ದ. ನಾನು ಅದನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ. ನಮ್ಮಿಬ್ಬರ ನಡುವೆ ರಾಜಿ ಏನೂ ಆಗಲಿಲ್ಲ.

ಹೋದ ಶ್ರಾವಣದಲ್ಲಿ, ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದವನು ಹಾಗೆಯೇ ಕುಸಿದ. ನಾನು ಊರು ಮುಟ್ಟುವಷ್ಟರಲ್ಲಿ ಅವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಅವ್ವ ಅವನ ಕಾಲ ಹತ್ತಿರ ಇದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಬೇಗ ಹೋಗುವ ಹಕ್ಕು ಅವನಿಗೆ ಇರಲಿಲ್ಲ, ನನ್ನ ಜಗಳ ಇನ್ನೂ ಮುಗಿದಿರಲಿಲ್ಲ.

ಭಜನೆಯವರು ದಣಿವಾರಿಸಿಕೊಳ್ಳಲು ನಿಂತಾಗ, ಸತ್ತವರ ಮನೆಯಲ್ಲಿ ಆಗುವಂತೆ, ಒಬ್ಬೊಬ್ಬರೇ ಅವನ ಮಾತು ತೆಗೆದರು. ಚಹಾದಂಗಡಿಯ ಅಜ್ಜ ಕಣ್ಣೊರೆಸಿಕೊಂಡು, “ಒಂದ ಬ್ಯಾಟರಿ ಸಲುವಾಗಿ ಸ್ವಂತ ತಂಗಿ ಮಗಳ ಮದುವಿ ಮುರದ ಪುಣ್ಯಾತ್ಮರಿ ಇವರು,” ಎಂದ. ಅತ್ತವರೂ ನಕ್ಕರು. ಪಡಸಾಲೆಯ ತುಂಬ ಆ ನಗೆ ಓಡಾಡಿತು. ಗೋಡೆಗೆ ಒರಗಿದ್ದವನು ಮೊದಲ ಸಲ ಅದಕ್ಕೆ ಏನನ್ನೂ ಸೇರಿಸಲಿಲ್ಲ.

“ಮಾಮಾ ಮುರದಿಲ್ರಿ, ಅಜ್ಜಾ,” ಎಂದೆ. “ಆ ಮದುವಿ ಒಲ್ಲೆ ಅಂದಾಕಿ ನಾ. ಮಾಮಾ ನನ್ನ ಸಲುವಾಗಿ ಸುಳ್ಳ ಹೇಳಿದ್ರು.”

ನಗೆ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಸೆರಗಿನ ಮರೆಯಲ್ಲಿ ನನ್ನ ಮೊಣಕೈ ಹಿಡಿದು ಜೋರಾಗಿ ಚಿವುಟಿದಳು. ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡಸರಿಗೆ ಕೇಳಿಸಿರಲಿಕ್ಕಿಲ್ಲ ಎನ್ನಿಸಿತು. ನಾನು ಎದ್ದು ನಿಂತು, ಅವರಿಗೂ ಕೇಳುವಂತೆ, ಇನ್ನೊಮ್ಮೆ ಹೇಳಿದೆ.